ಶಾಲೆ ಮೊದಲಾ, ಮನೆ ಮೊದಲಾ? ಮೆಲ್ಬರ್ನ್‌ನಲ್ಲಿ ಏರಿಯಾ ಹುಡುಕಿದ್ದು

ಬೆಂಗಳೂರಿನಲ್ಲಿ ಶಾಲೆ ಹುಡುಕುವಾಗ ಮನೆ ಎಲ್ಲಿದೆ ಅನ್ನುವುದನ್ನು ಯಾರೂ ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ವಿಜಯನಗರದಲ್ಲಿದ್ದುಕೊಂಡು ಮಗುವನ್ನು ಕೆಂಗೇರಿ ಆಚೆಯ ಶಾಲೆಗೆ ಕಳಿಸುವವರು ಎಷ್ಟು ಜನ ಬೇಕು? ಫೀಸು ಕಟ್ಟಿದರೆ ಸೀಟು, ದೂರವಾದರೆ ಸ್ಕೂಲ್ ಬಸ್ಸು. ಮೆಲ್ಬರ್ನ್‌ನಲ್ಲಿ ಎಲ್ಲಾ ಉಲ್ಟಾ. ಇಲ್ಲಿ ಸರ್ಕಾರಿ ಶಾಲೆಗೆ ಸೇರಿಸಬೇಕಾದರೆ ಆ ಶಾಲೆಯ ಝೋನ್ ಒಳಗೆ ನಿಮ್ಮ ಮನೆ ಇರಬೇಕು. ಝೋನ್ ಒಳಗಿದ್ದರೆ ಶಾಲೆ ನಿಮ್ಮ ಮಗುವಿಗೆ ಸೀಟು ಇಲ್ಲ ಅನ್ನುವಂತಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಮನೆ ಮಾಡಿದರೆ, ಜಾಗ ಉಳಿದಿದ್ದರೆ ಮಾತ್ರ ಸೀಟು. ಹಾಗಾಗಿ ಇಲ್ಲಿ ಶಾಲೆ ಹುಡುಕುವುದೂ ಬಾಡಿಗೆ ಮನೆ ಹುಡುಕುವುದೂ ಒಂದೇ ಕೆಲಸ.

ಸರ್ಕಾರಿ ಶಾಲೆ ಅಂದ ಕೂಡಲೇ ನಮ್ಮ ಅತ್ತೆ ಫೋನಿನಲ್ಲಿ ಸುಮ್ಮನಾದರು. ಆಮೇಲೆ, "ಅಷ್ಟು ದೂರ ಹೋಗಿ ಗೌರ್ಮೆಂಟ್ ಸ್ಕೂಲಾ?" ಅಂದರು. ಅವರದ್ದೇನೂ ತಪ್ಪಿಲ್ಲ. ಬೆಂಗಳೂರಿನಲ್ಲಿ ಮೊಮ್ಮಕ್ಕಳ ಫೀಸು ಎಷ್ಟು ಅಂತ ಅವರಿಗೆ ಗೊತ್ತಿತ್ತು. ಇಲ್ಲಿ ಡಾಕ್ಟರ ಮಕ್ಕಳೂ ಬಸ್ ಡ್ರೈವರ್ ಮಕ್ಕಳೂ ಒಂದೇ ಸರ್ಕಾರಿ ಶಾಲೆಗೆ ಹೋಗುತ್ತಾರೆ ಅಂತ ಹೇಳಿದರೂ ಅವರು ಪೂರ್ತಿ ನಂಬಲಿಲ್ಲ. ನಗರದ ದೊಡ್ಡ ಖಾಸಗಿ ಶಾಲೆಗಳಲ್ಲಿ ಮೇಲಿನ ತರಗತಿಗಳ ಫೀಸು ವರ್ಷಕ್ಕೆ 30,000 ಡಾಲರ್ ದಾಟುತ್ತದೆ. ಎರಡು ಮಕ್ಕಳಿಗೆ ಅದು ನಮ್ಮ ಕೈಗೆಟುಕುವ ಮಾತಲ್ಲ. ಕ್ಯಾಥೊಲಿಕ್ ಶಾಲೆಗಳ ಫೀಸು ಕಡಿಮೆ, ಆದರೆ ಅಲ್ಲಿ ಮೊದಲ ಆದ್ಯತೆ ಆ ಚರ್ಚಿನ ಕುಟುಂಬಗಳಿಗೆ. ನಾವು ಪಿಆರ್, ಅಂದರೆ ಕಾಯಂ ವಾಸದ ವೀಸಾದಲ್ಲಿ ಬಂದಿದ್ದರಿಂದ ಸರ್ಕಾರಿ ಶಾಲೆಯಲ್ಲಿ ಪಾಠಕ್ಕೆ ದುಡ್ಡಿಲ್ಲ. ಯೂನಿಫಾರ್ಮ್, ಕ್ಯಾಂಪ್, ಪ್ರವಾಸ ಅಂತ ಖರ್ಚು ಇದ್ದೇ ಇರುತ್ತದೆ. ಶಾಲೆ ಒಂದಿಷ್ಟು ದೇಣಿಗೆಯನ್ನೂ ಕೇಳುತ್ತದೆ, ಕೊಡುವುದು ಬಿಡುವುದು ನಮಗೆ ಬಿಟ್ಟಿದ್ದು.

ಇವರಿಗೆ, ಅಂದರೆ ನನ್ನ ಗಂಡನಿಗೆ, ಕೆಲಸ ಇದ್ದದ್ದು ಸಿಟಿ ಮಧ್ಯದಲ್ಲಿ, ವಾರದಲ್ಲಿ ಕೆಲವು ದಿನ ಮನೆಯಿಂದ. ಮಗಳು ಬೆಂಗಳೂರಿನಲ್ಲಿ ಐದನೇ ಕ್ಲಾಸಿನ ಮಧ್ಯದಲ್ಲಿದ್ದಳು, ಮಗ ಯುಕೆಜಿ. ಇಲ್ಲಿ ಶಾಲೆ ವರ್ಷ ಜನವರಿ ಕೊನೆಗೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ, ನಾಲ್ಕು ಟರ್ಮ್. ಮೊದಲ ತರಗತಿಗೆ ಪ್ರೆಪ್ ಅಂತಾರೆ. ಆ ವರ್ಷದ ಏಪ್ರಿಲ್ 30ರ ಒಳಗೆ ಮಗುವಿಗೆ 5 ತುಂಬಬೇಕು. ಮಗನಿಗೆ ಅಕ್ಟೋಬರ್‌ನಲ್ಲೇ ತುಂಬಿತ್ತು, ತೊಂದರೆ ಇರಲಿಲ್ಲ. ಮಗಳ ವಯಸ್ಸು ನೋಡಿದರೆ ಅವಳು ಜನವರಿಯಲ್ಲಿ ಮತ್ತೆ ಐದನೇ ಕ್ಲಾಸು. "ಅರ್ಧ ವರ್ಷ ಹಾಳಾಯ್ತಲ್ಲ" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಮಗಳಿಗೆ ಮಾತ್ರ ಖುಷಿಯೋ ಖುಷಿ.

ನಾವು ನವೆಂಬರ್‌ನಲ್ಲಿ ಬಂದಿಳಿದೆವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಶಾಲೆಗಳ ಬಾಗಿಲು ಮುಚ್ಚುತ್ತದೆ. ಆಮೇಲೆ ಜನವರಿ ಕೊನೆವರೆಗೆ ಬೇಸಿಗೆ ರಜೆ. ಆಫೀಸಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ ಬಿಟ್ಟರೆ ಬೇರೆ ಯಾರೂ ಇಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಬಂದವರು ಶಾಲೆಯ ಒಳಗನ್ನೇ ನೋಡದೆ ಮನೆ ಆರಿಸಬೇಕಾಗುತ್ತದೆ. ಆಗುವುದಾದರೆ ಅಕ್ಟೋಬರ್‌ನಲ್ಲೇ ಬನ್ನಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಉಳಿದುಕೊಂಡದ್ದು ನಗರದ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿರುವ ದೊಡ್ಡಪ್ಪನ ಮಗನ ಮನೆಯಲ್ಲಿ. ಬಂದ ಹೊಸದರಲ್ಲೇ ಅಣ್ಣ, ಅತ್ತಿಗೆ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕರೆದುಕೊಂಡು ಹೋದರು. ಊಟದ ಸಾಲಿನಲ್ಲಿ ಬಿಸಿಬೇಳೆಬಾತ್‌ಗೆ ಕಾಯುತ್ತಾ ನಿಂತಿದ್ದಷ್ಟು ಹೊತ್ತೂ ನಮಗೆ ಬಿದ್ದದ್ದು ಒಂದೇ ಪ್ರಶ್ನೆ: "ಯಾವ ಏರಿಯಾ ನೋಡ್ತಿದೀರಾ?" ಅವರವರ ಏರಿಯಾನೇ ಬೆಸ್ಟ್. ಒಬ್ಬರು ಗ್ಲೆನ್ ವೇವರ್ಲಿ ಬಿಟ್ಟು ಬೇರೆ ಕಡೆ ತಲೆನೇ ಹಾಕಬೇಡಿ ಅಂದರು. ಇನ್ನೊಬ್ಬರು, ಅಲ್ಲಿ ಮಕ್ಕಳು ಆಟ ಆಡೋದನ್ನೇ ನೋಡಿಲ್ಲ ನಾನು, ಬರೀ ಟ್ಯೂಷನ್ ಅಂದರು. ಮತ್ತೊಬ್ಬರ ಪ್ರಕಾರ ಏರಿಯಾ ಲೆಕ್ಕಕ್ಕೇ ಇಲ್ಲ, ಸೆಲೆಕ್ಟಿವ್ ಪರೀಕ್ಷೆ ಪಾಸಾದರೆ ಸಾಕು. ಅವರು ಹೇಳಿದ್ದರಲ್ಲಿ ವಿಷಯ ಇದೆ. ವಿಕ್ಟೋರಿಯಾ ರಾಜ್ಯದಲ್ಲಿ ಪರೀಕ್ಷೆ ಬರೆದು ಸೇರುವ ಸರ್ಕಾರಿ ಹೈಸ್ಕೂಲುಗಳು ನಾಲ್ಕಿವೆ: ಗಂಡುಮಕ್ಕಳಿಗೆ ಮೆಲ್ಬರ್ನ್ ಹೈ, ಹೆಣ್ಣುಮಕ್ಕಳಿಗೆ ಮ್ಯಾಕ್‌ರಾಬರ್ಟ್‌ಸನ್, ಇಬ್ಬರಿಗೂ ಬರ್ವಿಕ್‌ನ ನೊಸಲ್ ಮತ್ತು ವೆರಿಬಿಯ ಸುಝೇನ್ ಕೋರಿ. ಇವುಗಳಿಗೆ ಝೋನ್ ಇಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು ಒಂಬತ್ತಕ್ಕೆ ಸೇರುವುದು. ಅಲ್ಲಿಯವರೆಗೆ ಎಲ್ಲೋ ಓದಲೇಬೇಕಲ್ಲ. ಹತ್ತು ವರ್ಷದ ಹುಡುಗಿಯನ್ನು ಮುಂದೆಂದೋ ಬರುವ ಪರೀಕ್ಷೆ ನೆಚ್ಚಿಕೊಂಡು ಬೆಳೆಸಲು ನನಗೆ ಇಷ್ಟವಿರಲಿಲ್ಲ.

ಝೋನ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಲು ಒಳ್ಳೆಯ ದಾರಿ ಅಂದರೆ ರಾಜ್ಯ ಸರ್ಕಾರದ ಫೈಂಡ್ ಮೈ ಸ್ಕೂಲ್ ನಕ್ಷೆ. ವಿಳಾಸ ಹಾಕಿ, ಮಗು ಯಾವ ತರಗತಿ, ಯಾವ ವರ್ಷಕ್ಕೆ ಅಂತ ಆರಿಸಿದರೆ ಆ ಮನೆಗೆ ಯಾವ ಶಾಲೆ ಅಂತ ತೋರಿಸುತ್ತದೆ. ಮೆಲ್ಬರ್ನ್‌ನಲ್ಲಿ ಸಾಮಾನ್ಯವಾಗಿ ಮನೆಯಿಂದ ನೇರ ಗೆರೆ ಎಳೆದರೆ ಯಾವ ಶಾಲೆ ಹತ್ತಿರವೋ ಅದೇ ನಿಮ್ಮ ಶಾಲೆ. ಕೆಲವು ಶಾಲೆಗಳಿಗೆ ಇಲಾಖೆಯೇ ಬೇರೆ ಗಡಿ ಹಾಕಿದೆ. ರಸ್ತೆ ಹೇಗೆ ಸುತ್ತುತ್ತದೆ, ನಡುವೆ ರೈಲ್ವೆ ಹಳಿ ಇದೆಯಾ, ಇದನ್ನೆಲ್ಲ ಆ ಗೆರೆ ಕೇಳುವುದಿಲ್ಲ. ಪ್ರತಿ ವರ್ಷ ನಕ್ಷೆ ಹೊಸದಾಗುತ್ತದೆ. ಪಕ್ಕದಲ್ಲಿ ಹೊಸ ಶಾಲೆ ಬಂದರೆ ಗಡಿ ಸರಿಯುತ್ತದೆ. ಮನೆ ಜಾಹೀರಾತಿನಲ್ಲಿ ಅಡಿಗೆಮನೆಗಿಂತ ಮೊದಲು ಶಾಲೆಯ ಝೋನ್ ಹೆಸರನ್ನು ದೊಡ್ಡದಾಗಿ ಹಾಕಿರುತ್ತಾರೆ. ಅದನ್ನು ನಂಬದೆ ಪ್ರತಿಸಲ ನಾವೇ ವಿಳಾಸ ಹಾಕಿ ನೋಡುತ್ತಿದ್ದೆವು. ಒಂದು ಮನೆಯ ವಿಷಯದಲ್ಲಿ ಏಜೆಂಟ್ ಹೇಳಿದ ಹೈಸ್ಕೂಲ್ ಆ ವರ್ಷದ ನಕ್ಷೆಯಲ್ಲಿ ಇತ್ತು, ಮುಂದಿನ ವರ್ಷದ್ದರಲ್ಲಿ ಇರಲಿಲ್ಲ. ಕೇಳಿದರೆ, "ಶಾಲೆಯನ್ನೇ ವಿಚಾರಿಸಿಕೊಳ್ಳಿ" ಅಂತ ನಕ್ಕರು.

ಯಾರೂ ನಮಗೆ ಹೇಳದೆ ಇದ್ದ ಒಂದು ವಿಷಯ ನಕ್ಷೆ ನೋಡಿದಾಗ ಗೊತ್ತಾಯಿತು. ಪ್ರೈಮರಿ ಪ್ರೆಪ್‌ನಿಂದ ಆರನೇ ಕ್ಲಾಸಿನವರೆಗೆ, ಹೈಸ್ಕೂಲ್ ಏಳರಿಂದ ಹನ್ನೆರಡು. ಎರಡಕ್ಕೂ ಬೇರೆಬೇರೆ ಝೋನ್. ಒಂದೇ ಪ್ರೈಮರಿಯ ಗಡಿಯೊಳಗಿರುವ ಎರಡು ಮನೆಗಳಿಗೆ ಹೈಸ್ಕೂಲ್ ಬೇರೆ ಆಗಬಹುದು. ಮಗನ ಮಟ್ಟಿಗೆ ಪ್ರೈಮರಿ ಮುಖ್ಯ, ಅವನಿಗೆ ಏಳು ವರ್ಷ ಅಲ್ಲೇ. ಮಗಳಿಗೆ ಪ್ರೈಮರಿ ಎರಡೇ ವರ್ಷ, ಆಮೇಲೆ ಹೈಸ್ಕೂಲ್. ಒಂದೇ ಮನೆಗೆ ಎರಡು ಗೆರೆಗಳೂ ಒಪ್ಪಿಗೆಯಾಗಬೇಕು. ಅಣ್ಣ ಅಂದ, "ಜಾತಕ ಕೂಡಿಸೋದೇ ಇದಕ್ಕಿಂತ ಸುಲಭ ಕಣೇ."

ಈ ಹೊತ್ತಿಗೆ ಇವರು ಒಂದು ದೊಡ್ಡ ಎಕ್ಸೆಲ್ ಹಾಳೆ ಮಾಡಿಕೊಂಡಿದ್ದರು. ಮೈ ಸ್ಕೂಲ್ ಅನ್ನುವುದು ಇಡೀ ಆಸ್ಟ್ರೇಲಿಯಾದ ಶಾಲೆಗಳ ಅಂಕಿಅಂಶ ಇಟ್ಟಿರುವ ಸರ್ಕಾರಿ ತಾಣ, 2010ರಿಂದ ಇದೆ. ಅಲ್ಲಿ ನ್ಯಾಪ್ಲಾನ್ ಅಂಕಗಳು ಸಿಗುತ್ತವೆ. ನ್ಯಾಪ್ಲಾನ್ ಅಂದರೆ 3, 5, 7, 9ನೇ ತರಗತಿಯ ಮಕ್ಕಳಿಗೆ ದೇಶಾದ್ಯಂತ ನಡೆಯುವ ಓದು, ಬರಹ, ಲೆಕ್ಕದ ಪರೀಕ್ಷೆ. ಹೈಸ್ಕೂಲಿಗೆ ವಿಸಿಇ, ಅಂದರೆ ಹನ್ನೆರಡನೇ ಕ್ಲಾಸಿನ ಫಲಿತಾಂಶ. ಅದರಲ್ಲಿ ಪ್ರತಿ ವಿಷಯಕ್ಕೆ ಕೊಡುವ ಸ್ಟಡಿ ಸ್ಕೋರಿನಲ್ಲಿ ಗರಿಷ್ಠ 50, ಸರಾಸರಿ 30. ಯಾವ ಶಾಲೆಯ ಮೀಡಿಯನ್, ಅಂದರೆ ನಟ್ಟನಡುವಿನ ಸ್ಕೋರ್ ಎಷ್ಟು ಅಂತ ಡಿಸೆಂಬರ್‌ನಲ್ಲಿ ಪತ್ರಿಕೆಗಳು ಪಟ್ಟಿ ಹಾಕುತ್ತವೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಇರುವ ಹಾಗೆಯೇ. ಇವರು ಎಲ್ಲವನ್ನೂ ಹಾಳೆಗೆ ತುಂಬಿ, ಮೇಲಿನಿಂದ ಕೆಳಕ್ಕೆ ಜೋಡಿಸಿ, "ಇಗೋ, ಮೊದಲ ಐದು" ಅಂದರು.

ನನಗೆ ಆ ಹಾಳೆ ಸಮಾಧಾನ ಕೊಡಲಿಲ್ಲ. ಮೈ ಸ್ಕೂಲ್‌ನಲ್ಲಿ ಪ್ರತಿ ಶಾಲೆಗೂ ಐಸಿಎಸ್‌ಇಎ ಅನ್ನುವ ಇನ್ನೊಂದು ಅಂಕೆ ಇರುತ್ತದೆ. ಅದರ ಸರಾಸರಿ 1000. ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ, ಶಾಲೆ ಎಲ್ಲಿದೆ, ಮೂಲನಿವಾಸಿ ಮಕ್ಕಳು ಎಷ್ಟಿದ್ದಾರೆ, ಇವುಗಳಿಂದ ಲೆಕ್ಕ ಹಾಕಿದ್ದು. ಪಾಠ ಹೇಗೆ ಮಾಡುತ್ತಾರೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇವರ ಮೊದಲ ಐದು ಶಾಲೆಗಳ ಐಸಿಎಸ್‌ಇಎ ನೋಡಿದರೆ ಎಲ್ಲವೂ 1000ಕ್ಕಿಂತ ಎಷ್ಟೋ ಮೇಲೆ. ಅಂದರೆ ಓದಿದವರ, ಟ್ಯೂಷನ್‌ಗೆ ಕಳಿಸುವ ತಾಕತ್ತಿದ್ದವರ ಮಕ್ಕಳು ಸೇರಿರುವ ಶಾಲೆಗಳು. ಅಲ್ಲಿ ಅಂಕ ಜಾಸ್ತಿ ಬಂದರೆ ಅದು ಮನೆಯದ್ದಾ, ಶಾಲೆಯದ್ದಾ? ಹಾಲು ಗಟ್ಟಿಯಾಗಿದ್ದರೆ ಕಾಫಿ ಹೇಗೂ ಚೆನ್ನಾಗಿರುತ್ತದೆ, ಮಾಡಿದವರ ಕೈಗುಣ ಎಷ್ಟು ಅಂತ ಹೇಗೆ ಹೇಳೋದು?

ಅದೇ ತಾಣದಲ್ಲಿ ಇನ್ನೊಂದು ಪುಟ ಇದೆ, ಜನ ಅದನ್ನು ನೋಡುವುದು ಕಡಿಮೆ. ಒಂದು ಶಾಲೆಯ ಮಕ್ಕಳನ್ನು ಅದೇ ಥರದ ಮನೆಗಳಿಂದ ಬಂದ ಬೇರೆ ಮಕ್ಕಳ ಜೊತೆ ಹೋಲಿಸಿ, ಮೇಲಿದ್ದರೆ ಹಸಿರು, ಕೆಳಗಿದ್ದರೆ ಗುಲಾಬಿ ಬಣ್ಣ ಹಾಕಿರುತ್ತಾರೆ. ಹೀಗೆ ನೋಡಿದಾಗ ಇವರ ಪಟ್ಟಿ ತಲೆಕೆಳಗಾಯಿತು. ಮೇಲಿದ್ದ ಒಂದೆರಡು ಶಾಲೆಗಳು ಸಾಧಾರಣ ಅನ್ನಿಸಿದವು. ಮಧ್ಯದಲ್ಲೆಲ್ಲೋ ಬಿದ್ದಿದ್ದ ಒಂದು ಸಣ್ಣ ಪ್ರೈಮರಿ ಸಾಲು ಸಾಲಾಗಿ ಹಸಿರು. ಇದರ ಜೊತೆಗೆ ಪ್ರತಿ ಸರ್ಕಾರಿ ಶಾಲೆ ತನ್ನ ವಾರ್ಷಿಕ ವರದಿಯನ್ನು ಹೊರಗೆ ಹಾಕುತ್ತದೆ. ಪೋಷಕರಿಗೆ ಎಷ್ಟು ತೃಪ್ತಿ ಇದೆ, ಮಕ್ಕಳು ಎಷ್ಟು ದಿನ ಗೈರುಹಾಜರು, ಎಲ್ಲಾ ಅದರಲ್ಲಿ ಸಿಗುತ್ತದೆ. ಬೋರ್ ಹೊಡೆಸುವ ಕಾಗದ, ನಿಜ. ಆದರೆ ಪತ್ರಿಕೆಯ ಪಟ್ಟಿಗಿಂತ ಜಾಸ್ತಿ ವಿಷಯ ಇರುತ್ತದೆ.

ಇನ್ನು ಸುತ್ತಾಟ. ಪಶ್ಚಿಮದ ಕಡೆ, ಅಂದರೆ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್, ನಮಗೆ ಎಲ್ಲಕ್ಕಿಂತ ಸಲೀಸಾಗಿತ್ತು. ಅಣ್ಣನ ಮನೆ ಹತ್ತಿರ, ಹೊಸ ದೊಡ್ಡ ಮನೆಗಳು, ಬಾಡಿಗೆ ಕಡಿಮೆ, ರಾಗಿ ಹಿಟ್ಟು, ಮೆಂತ್ಯ ಸೊಪ್ಪು, ಕರಿಬೇವು ಎಲ್ಲಾ ಕಾಲ್ನಡಿಗೆಯಲ್ಲಿ. ಪಾರ್ಕಿನಲ್ಲಿ ಕನ್ನಡ, ತೆಲುಗು, ಪಂಜಾಬಿ ಕಿವಿಗೆ ಬೀಳುತ್ತಿತ್ತು. "ಇಲ್ಲೇ ಎರಡು ರಸ್ತೆ ಆಚೆ ಮನೆ ಮಾಡಿಬಿಡಿ" ಅಂತ ಅತ್ತಿಗೆ ದಿನಾ ಹೇಳುತ್ತಿದ್ದರು. ಶಾಲೆಗಳೂ ಹೊಚ್ಚಹೊಸವು. ಆದರೆ ಊರು ಬೆಳೆಯುವ ವೇಗಕ್ಕೆ ಶಾಲೆಗಳು ಓಡುತ್ತಲೇ ಇರಬೇಕು. ಮೈದಾನದ ಅಂಚಿನಲ್ಲಿ ಸಾಲಾಗಿ ತಾತ್ಕಾಲಿಕ ಕೊಠಡಿಗಳು. ಹೊಸ ಶಾಲೆ ಬಂದಾಗಲೆಲ್ಲ ಝೋನ್ ಮರುಗೆರೆ. ಹೊಸ ಹೈಸ್ಕೂಲಿಗೆ ಹನ್ನೆರಡನೇ ಕ್ಲಾಸಿನ ಫಲಿತಾಂಶ ಅಂತ ಇನ್ನೂ ಇರುವುದೇ ಇಲ್ಲ. ನನಗೆ ಇದ್ಯಾವುದೂ ದೊಡ್ಡ ಅಡ್ಡಿ ಅನ್ನಿಸಲಿಲ್ಲ. ಬೆಳಗಿನ ಟಾರ್ನೀಟ್ ರೈಲಿನಲ್ಲಿ ನಿಂತುಕೊಂಡು ಹೋಗಿಬಂದ ಇವರು ಮಾತ್ರ, "ಮೆಜೆಸ್ಟಿಕ್ ಬಸ್ಸು ಬಿಟ್ಟು ಬಂದದ್ದು ಇದಕ್ಕಾ?" ಅಂದರು. ನನಗೂ ಒಂದು ಯೋಚನೆ ಇತ್ತು. ಸುತ್ತಲೂ ನಮ್ಮವರೇ ಇದ್ದರೆ ಮಗಳು ಬೇಗ ಹೊಂದಿಕೊಳ್ಳುತ್ತಾಳೆ, ಅದು ಒಳ್ಳೆಯದೇ. ಆದರೆ ನಾನು ಮನೆಯಲ್ಲೇ ಕೂತು ಇಲ್ಲಿಯವರ ಪರಿಚಯವೇ ಇಲ್ಲದೆ ವರ್ಷ ಕಳೆದುಬಿಡಬಹುದಿತ್ತು.

ಗ್ಲೆನ್ ವೇವರ್ಲಿ ಪೂರ್ವದ ಕಡೆ, ಅದೇ ಹೆಸರಿನ ರೈಲು ಮಾರ್ಗದ ಕೊನೆಯ ಸ್ಟೇಷನ್. ಅಲ್ಲಿನ ಸೆಕೆಂಡರಿ ಕಾಲೇಜಿನ ಝೋನ್ ಅಂದರೆ ಜನ ಮುಗಿಬೀಳುತ್ತಾರೆ. ಬಾಲ್ವಿನ್ ಹೈ, ಮೆಕಿನನ್ ಸೆಕೆಂಡರಿ ಕಾಲೇಜು ಇವುಗಳದ್ದೂ ಅದೇ ಕಥೆ. ನಾವು ನೋಡಲು ಹೋದ ಮನೆ ಹಳೆಯದು, ಬಚ್ಚಲುಮನೆಯ ಟೈಲ್ಸ್ ಕಿತ್ತುಹೋಗಿತ್ತು. ಟಾರ್ನೀಟ್‌ನಲ್ಲಿ ಆ ದುಡ್ಡಿಗೆ ನಾಲ್ಕು ಬೆಡ್‌ರೂಮಿನ ಹೊಸ ಮನೆ ಬರುತ್ತಿತ್ತು. ಆದರೂ ಹೊರಗೆ ಸಾಲು. ಇಲ್ಲಿ ಮನೆ ನೋಡುವುದಕ್ಕೆ ಏಜೆಂಟ್ ಒಂದು ಹದಿನೈದು ನಿಮಿಷ ಬಾಗಿಲು ತೆರೆಯುತ್ತಾರೆ, ಎಲ್ಲರೂ ಒಟ್ಟಿಗೆ ಒಳಗೆ ಹೋಗಬೇಕು. ಅಡಿಗೆಮನೆಯಲ್ಲಿ ನಮ್ಮ ಪಕ್ಕ ನಿಂತಿದ್ದ ಒಬ್ಬ ತಾಯಿ ಫೋನಿನಲ್ಲಿ ಝೋನ್ ನಕ್ಷೆ ತೆರೆದುಕೊಂಡೇ ಇದ್ದಳು. ಸಂಜೆ ಪೇಟೆ ಬೀದಿಯಲ್ಲಿ ತಿರುಗಾಡಿದೆವು. ಊಟದ ಅಂಗಡಿಗಳು ಎಷ್ಟಿದ್ದವೋ, ಮೇಲಿನ ಮಹಡಿಗಳಲ್ಲಿ ಟ್ಯೂಷನ್ ಬೋರ್ಡುಗಳೂ ಕಣ್ಣಿಗೆ ಅಷ್ಟೇ ಬಿದ್ದವು. ಚೆನ್ನಾಗಿ ಓದುವ, ಪೈಪೋಟಿ ಇಷ್ಟಪಡುವ ಮಗುವಿಗೆ ಅದು ಒಳ್ಳೆಯ ಜಾಗವೇ. ನನ್ನ ಮಗಳು ಅಂಥವಳಲ್ಲ. ಪಕ್ಕದವಳ ಅಂಕ ಕೇಳಿದರೆ ಅವಳಿಗೆ ಹೊಟ್ಟೆನೋವು ಬರುತ್ತದೆ.

ಕೊನೆಗೆ ನಮ್ಮ ಕಣ್ಣು ನಿಂತದ್ದು ಬ್ಲಾಕ್‌ಬರ್ನ್, ನುನಾವಾಡಿಂಗ್, ಮಿಚಮ್ ಕಡೆ. ಸಿಟಿಯಿಂದ ಪೂರ್ವಕ್ಕೆ ಹದಿನೇಳರಿಂದ ಇಪ್ಪತ್ತು ಕಿಲೋಮೀಟರ್. ಬೆಲ್‌ಗ್ರೇವ್, ಲಿಲಿಡೇಲ್ ಎರಡೂ ರೈಲುಗಳು ಇಲ್ಲಿ ಹಾಯುತ್ತವೆ, ಸಿಟಿಗೆ ಸುಮಾರು 40 ನಿಮಿಷ. ಬಾಡಿಗೆ ಟಾರ್ನೀಟ್‌ಗಿಂತ ಜಾಸ್ತಿ, ಗ್ಲೆನ್ ವೇವರ್ಲಿಯ ಹುಚ್ಚು ಇಲ್ಲ. ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಈಸ್ಟ್‌ಲಿಂಕ್ ಹೆದ್ದಾರಿ ಹಿಡಿದರೆ ನೇರ ದಾರಿ. ಟೋಲ್ ಕಟ್ಟಬೇಕು ಅಷ್ಟೇ. ಇವರ ಹಾಳೆಯಲ್ಲಿ ಹಸಿರಾಗಿದ್ದ ಸಣ್ಣ ಪ್ರೈಮರಿ ಇದೇ ಕಡೆ ಇತ್ತು. ಹೆಸರು ಹೇಳುವುದಿಲ್ಲ, ಮಕ್ಕಳು ಇನ್ನೂ ಓದುತ್ತಿದ್ದಾರೆ.

ಅಂಕೆ ನೋಡಿದ್ದು ಸಾಕು ಅಂತ ನಾನು ಶಾಲೆಗಳ ಗೇಟಿಗೆ ಹೋಗಲು ಶುರು ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಸ್ವಲ್ಪ ಮೊದಲು, ಇಲ್ಲವೇ ಮಧ್ಯಾಹ್ನ ಮೂರೂವರೆಗೆ ಬಿಡುವ ಹೊತ್ತಿಗೆ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಯಾರೂ ಹೇಳಿಕೊಟ್ಟಿಲ್ಲ. ರಸ್ತೆ ದಾಟಿಸುವ ಅಜ್ಜ ಮಕ್ಕಳ ಹೆಸರು ಹಿಡಿದು ಮಾತಾಡಿಸುತ್ತಾರಾ? ಪ್ರಿನ್ಸಿಪಾಲ್ ಗೇಟಿನಲ್ಲಿ ಕಾಣುತ್ತಾರಾ? ಮಕ್ಕಳು ಹೊರಗೆ ಬರುವಾಗ ಮುಖ ಹೇಗಿರುತ್ತದೆ? ಅಲ್ಲಿ ಕಾಯುತ್ತಿದ್ದ ತಾಯಂದಿರನ್ನು ಕೇಳಿದರೆ ಯಾರೂ ಮುಚ್ಚಿಡುವುದಿಲ್ಲ. ಒಬ್ಬ ಶ್ರೀಲಂಕಾದ ಅಮ್ಮ, ಶಾಲೆ ಚೆನ್ನಾಗಿದೆ, ಆದರೆ ಗಣಿತದಲ್ಲಿ ಮುಂದಿರುವ ಮಕ್ಕಳಿಗೆ ಬೋರ್ ಆಗುತ್ತೆ ಅಂತ ನೇರವಾಗಿ ಹೇಳಿದರು. ಅದು ನಮಗೆ ಬೇಕಾಗಿದ್ದ ಮಾತು. ಬೆಂಗಳೂರಿನ ಲೆಕ್ಕದ ಪುಸ್ತಕಗಳನ್ನು ಮಗಳಿಗಾಗಿ ತರಿಸಿಕೊಂಡೆವು.

ಆಫೀಸಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಪ್ರಿನ್ಸಿಪಾಲ್ ಅವರೇ ಶಾಲೆ ತೋರಿಸಿದರು. ಇಲ್ಲಿ ನನಗೆ ಗಾಬರಿಯಾದದ್ದು ಐದು ಮತ್ತು ಆರನೇ ಕ್ಲಾಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕೂತಿದ್ದು. ನಮ್ಮ ಹಳ್ಳಿ ಶಾಲೆಗಳಲ್ಲಿ ಮೇಷ್ಟರು ಸಾಲದೆ ಹಾಗೆ ಕೂರಿಸುತ್ತಿದ್ದರು. ಇಲ್ಲಿ ಬೇಕೆಂದೇ ಮಾಡುತ್ತಾರೆ, ಕಾಂಪೊಸಿಟ್ ಕ್ಲಾಸ್ ಅಂತ. ಒಂದೊಂದು ಮಗು ಎಲ್ಲಿದೆಯೋ ಅಲ್ಲಿಂದ ಪಾಠ ಅನ್ನುವುದು ಅವರ ಮಾತು. ಹೋಂವರ್ಕ್ ಎಷ್ಟು ಅಂತ ಇವರು ಕೇಳಿದರು. "ದಿನಾ ರಾತ್ರಿ ಪುಸ್ತಕ ಓದಲಿ, ಸಾಕು" ಅಂದರು. ಇವರ ಮುಖ ಸಣ್ಣದಾಯಿತು. ನಾನು ಕೇಳಿದ್ದು ಬೇರೆ: ಇಂಗ್ಲಿಷ್‌ನಲ್ಲಿ ತಡವರಿಸುವ ಮಗು ಬಂದರೆ ಏನು ಮಾಡುತ್ತೀರಿ? ಶಾಲೆಯಲ್ಲೇ ಅದಕ್ಕೆ ಒಬ್ಬರು ಟೀಚರ್ ಇದ್ದಾರೆ, ತೀರಾ ಹೊಸಬರಾದರೆ ಬ್ಲಾಕ್‌ಬರ್ನ್‌ನಲ್ಲಿ ಇಂಗ್ಲಿಷ್ ಕಲಿಸುವುದಕ್ಕೇ ಬೇರೆ ಸರ್ಕಾರಿ ಶಾಲೆ ಇದೆ ಅಂತ ವಿವರಿಸಿದರು. ಮಾತಾಡುತ್ತಲೇ ದಾರಿಯಲ್ಲಿ ಅಳುತ್ತಿದ್ದ ಒಬ್ಬ ಹುಡುಗನ ಬೂಟಿನ ಲೇಸು ಕಟ್ಟಿದರು. ನನ್ನ ಮಟ್ಟಿಗೆ ಶಾಲೆ ಅಲ್ಲೇ ತೀರ್ಮಾನವಾಯಿತು.

ಇವರನ್ನು ಒಪ್ಪಿಸಿದ್ದು ಬೂಟಿನ ಲೇಸಲ್ಲ, ಆಫ್ಟರ್ ಕೇರ್. ಮೂರೂವರೆಗೆ ಶಾಲೆ ಬಿಟ್ಟರೆ ಇಬ್ಬರೂ ಕೆಲಸಕ್ಕೆ ಹೋಗುವವರು ಮಕ್ಕಳನ್ನು ಏನು ಮಾಡಬೇಕು? ಇಲ್ಲಿ ಅಜ್ಜಿ ತಾತ ಇಲ್ಲ, ಕೆಲಸದವರಿಲ್ಲ. ಶಾಲೆಯ ಆವರಣದಲ್ಲೇ ಸಂಜೆ ಆರರವರೆಗೆ ನೋಡಿಕೊಳ್ಳುವ ವ್ಯವಸ್ಥೆ ಇರುತ್ತದೆ. ಆದರೆ ಜಾಗ ಇರಬೇಕು. ನಾವು ನೋಡಿದ ಒಂದು ಹೆಸರುವಾಸಿ ಶಾಲೆಯಲ್ಲಿ ಅದಕ್ಕೆ ಕಾಯುವ ಪಟ್ಟಿಯೇ ಉದ್ದ ಇತ್ತು. ಈ ಸಣ್ಣ ಶಾಲೆಯಲ್ಲಿ ಜಾಗ ಇತ್ತು. ನಾನು ಕೆಲಸ ಹುಡುಕಬೇಕಿತ್ತು, ಹಾಗಾಗಿ ಇದು ನ್ಯಾಪ್ಲಾನ್‌ಗಿಂತ ಮುಖ್ಯ ಪ್ರಶ್ನೆ. ಯಾರೂ ಇದನ್ನು ಮೊದಲು ಕೇಳುವುದಿಲ್ಲ.

ಶಾಲೆ ಗೊತ್ತಾದರೂ ಮನೆ ಸಿಗಬೇಕಲ್ಲ. ಇಲ್ಲಿ ಬಾಡಿಗೆ ವಾರದ ಲೆಕ್ಕ. ವಾರಕ್ಕೆ 600 ಡಾಲರ್ ಅಂದರೆ ತಿಂಗಳಿಗೆ 2,400 ಅಲ್ಲ, 52 ವಾರವನ್ನು 12 ತಿಂಗಳಿಗೆ ಹಂಚಿದರೆ 2,600. ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನವರಿಗೆ ಇದು ಸ್ವರ್ಗ. ಅಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ ಕೊಟ್ಟವರು ನಾವು, ಇಲ್ಲಿ ಸಾಮಾನ್ಯವಾಗಿ ಒಂದು ತಿಂಗಳದ್ದು. ಅದೂ ಮಾಲೀಕರ ಜೇಬಿಗೆ ಹೋಗುವುದಿಲ್ಲ, ಸರ್ಕಾರದ ಬಾಂಡ್ ಪ್ರಾಧಿಕಾರದಲ್ಲಿ ಇರುತ್ತದೆ. ಕಷ್ಟ ಇರುವುದು ಅರ್ಜಿಯಲ್ಲಿ. ಹಿಂದೆ ಇಲ್ಲಿ ಬಾಡಿಗೆಗೆ ಇದ್ದೀರಾ, ಯಾರು ನಿಮ್ಮ ಬಗ್ಗೆ ಹೇಳುತ್ತಾರೆ, ಸಂಬಳದ ಚೀಟಿ ಎಲ್ಲಿ ಅಂತ ಕೇಳುತ್ತಾರೆ. ಹೊಸದಾಗಿ ಬಂದವರ ಹತ್ತಿರ ಏನಿರುತ್ತದೆ? ನಾವು ಕೆಲಸದ ಆಫರ್ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಬೆಂಗಳೂರಿನ ಮನೆ ಓನರ್ ಇಂಗ್ಲಿಷ್‌ನಲ್ಲಿ ಬರೆದುಕೊಟ್ಟ ಒಂದು ಪತ್ರ ಎಲ್ಲಾ ಸೇರಿಸಿದೆವು. ಓನರ್ ಆಂಟಿ ಆ ಪತ್ರದಲ್ಲಿ ನಾವು ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ಎಷ್ಟು ಚೆಂದ ಇಡುತ್ತಿದ್ದೆವು ಅಂತಲೂ ಬರೆದಿದ್ದರು. ಅದನ್ನು ತೆಗೆಯಲಿಲ್ಲ. ಹಲವು ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಮನೆ ನೋಡುವವರು ಕಡಿಮೆಯಾದರು, ಆಗ ನಮಗೆ ಒಂದು ಒಪ್ಪಿಗೆಯಾಯಿತು. ಒಂದೇ ಸೈಟಿನಲ್ಲಿ ಇನ್ನೊಂದು ಮನೆಯ ಹಿಂದೆ ಕಟ್ಟಿದ ಇಟ್ಟಿಗೆಯ ಮನೆ, ಇಲ್ಲಿ ಯುನಿಟ್ ಅಂತಾರೆ, ಮೂರು ಕೋಣೆ, ಎರಡೂ ಗೆರೆಗಳ ಒಳಗೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಶಾಲೆಗೆ ಬೇಕಾದದ್ದು ಪಾಸ್‌ಪೋರ್ಟ್, ವೀಸಾ, ವಿಳಾಸದ ಪುರಾವೆ, ಲಸಿಕೆ ದಾಖಲೆ. ವಿಳಾಸಕ್ಕೆ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಸಾಕಾಯಿತು. ಜನ ಮುಗಿಬೀಳುವ ಶಾಲೆಗಳಲ್ಲಿ ಇದೇ ನಮ್ಮ ವಿಳಾಸ ಅಂತ ಪ್ರಮಾಣ ಮಾಡಿ ಸಹಿ ಹಾಕಿದ ಪತ್ರವನ್ನೂ (ಸ್ಟ್ಯಾಟ್ಯೂಟರಿ ಡಿಕ್ಲರೇಶನ್) ಕೇಳುತ್ತಾರೆ. ಅದಕ್ಕೆ ನೋಟರಿ ಹುಡುಕಬೇಕಿಲ್ಲ, ಔಷಧಿ ಅಂಗಡಿಯ ಫಾರ್ಮಸಿಸ್ಟ್ ಮುಂದೆ ಸಹಿ ಮಾಡಬಹುದು. ಲಸಿಕೆಗೆ ಮಾತ್ರ ಸಮಯ ಇಟ್ಟುಕೊಳ್ಳಿ. ಬೆಂಗಳೂರಿನ ಲಸಿಕೆ ಪುಸ್ತಕವನ್ನು ಇಲ್ಲಿಯ ಡಾಕ್ಟರ್ ನೋಡಿ ಆಸ್ಟ್ರೇಲಿಯಾದ ನೋಂದಣಿಗೆ ಏರಿಸಬೇಕು, ಕಡಿಮೆ ಬಿದ್ದದ್ದನ್ನು ಹಾಕಿಸಬೇಕು, ಆಮೇಲೆ ಅಲ್ಲಿಂದ ಒಂದು ಪ್ರಮಾಣಪತ್ರ ಬರುತ್ತದೆ. ಶಾಲೆ ಕೇಳುವುದು ಅದನ್ನೇ. ಇನ್ನು ಟಿಸಿ. ಬೆಂಗಳೂರಿನಲ್ಲಿ ಅದಕ್ಕಾಗಿ ಬಿಇಒ ಕಚೇರಿಯ ಮೇಲುರುಜು ಹಾಕಿಸಲು ಅಲೆದಿದ್ದೆವು. ಇಲ್ಲಿಯ ಆಫೀಸಿನಾಕೆ ಅದರ ಮುದ್ರೆಗಳನ್ನೆಲ್ಲ ನೋಡಿ, "ಎಷ್ಟು ಚೆನ್ನಾಗಿದೆ" ಅಂತ ವಾಪಸ್ ಕೊಟ್ಟಳು.

ಜನವರಿ ಕೊನೆಗೆ ಶಾಲೆ ಶುರು. ಮಗನಿಗೆ ಮೊದಲ ಕೆಲವು ವಾರ ಬುಧವಾರ ರಜೆ, ಪ್ರೆಪ್ ಮಕ್ಕಳು ಸುಸ್ತಾಗುತ್ತಾರೆ ಅಂತ. ಟೋಪಿ ಮರೆತರೆ ಬಿಸಿಲಿಗೆ ಬಿಡುವುದಿಲ್ಲ, ನೆರಳಲ್ಲೇ ಕೂರಬೇಕು. ಚಿತ್ರಾನ್ನದಲ್ಲಿ ಕಡಲೆಕಾಯಿ ಹಾಕಬೇಡಿ ಅಂತ ಕ್ಲಾಸಿನಿಂದ ಚೀಟಿ ಬಂತು, ಯಾವುದೋ ಮಗುವಿಗೆ ಅಲರ್ಜಿ. ಮಾರ್ಚ್‌ನಲ್ಲಿ ನ್ಯಾಪ್ಲಾನ್. ಮಗಳು ಶಾಲೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಇಂಗ್ಲಿಷ್ ಮನೆಮಾತಲ್ಲದ, ದೇಶಕ್ಕೆ ಬಂದು ವರ್ಷ ಆಗದ ಮಕ್ಕಳಿಗೆ ವಿನಾಯಿತಿ ಸಿಗುತ್ತದೆ, ಬೇಕಾ ಅಂತ ಟೀಚರ್ ಕೇಳಿದರು. ಅವಳೇ ಬರೆಯುತ್ತೇನೆ ಅಂದಳು. ಲೆಕ್ಕದಲ್ಲಿ ತುಂಬಾ ಚೆನ್ನಾಗಿ ಬಂತು, ಬರಹದಲ್ಲಿ ಸುಮಾರು. ಆ ಅಂಕ ಈಗ ಮೈ ಸ್ಕೂಲ್‌ನಲ್ಲಿ ಈ ಶಾಲೆಯ ಲೆಕ್ಕದಲ್ಲಿ ಸೇರಿಕೊಂಡಿದೆ. ಅವಳಿಗೆ ಭಿನ್ನರಾಶಿ ಕಲಿಸಿದ ಬೆಂಗಳೂರಿನ ಮಿಸ್‌ಗೆ ಇದು ಗೊತ್ತೇ ಇಲ್ಲ. ಇದನ್ನು ಹೇಳಿದಾಗ ಇವರು ತಮ್ಮ ಎಕ್ಸೆಲ್ ಹಾಳೆಯನ್ನು ಅಳಿಸಲಿಲ್ಲ, ಆದರೆ ಮತ್ತೆ ಯಾರಿಗೂ ಕಳಿಸಲಿಲ್ಲ.

ಎಲ್ಲಾ ಸರಿಹೋಯಿತು ಅಂತಲ್ಲ. ಟಾರ್ನೀಟ್ ಈಗ ನಮಗೆ ನಗರದ ಇನ್ನೊಂದು ತುದಿ. ಅಣ್ಣನ ಮನೆಗೆ ಹೋಗಬೇಕಾದರೆ ಒಂದು ದಿನವೇ ಬೇಕು, ಅತ್ತಿಗೆಗೆ ಅದರ ಬೇಸರ ಇನ್ನೂ ಇದೆ. ಮಗನ ಕ್ಲಾಸಿನಲ್ಲಿ ಕನ್ನಡದ ಮಗು ಇನ್ನೊಂದಿಲ್ಲ. ಚಳಿಗಾಲದಲ್ಲಿ ಈ ಯುನಿಟ್ ಕೊರೆಯುತ್ತದೆ, ಹೀಟರ್ ಬಿಲ್ಲು ನೋಡಿದರೆ ಇನ್ನೂ ಕೊರೆಯುತ್ತದೆ.

ಮಗಳು ಈಗ ಆರನೇ ಕ್ಲಾಸು. ಹೈಸ್ಕೂಲಿನ ಅರ್ಜಿ ಎರಡನೇ ಟರ್ಮ್‌ನಲ್ಲಿ ಕೊಡಬೇಕು, ಯಾವ ಶಾಲೆ ಸಿಕ್ಕಿತು ಅಂತ ವರ್ಷದ ಮಧ್ಯದಲ್ಲಿ ತಿಳಿಸುತ್ತಾರೆ. ಝೋನಿನ ಶಾಲೆಯಲ್ಲಿ ಸೀಟು ಇದ್ದೇ ಇದೆ. ಬೇರೆ ಶಾಲೆ ಬೇಕೆಂದರೆ, ಅಲ್ಲಿಯ ಝೋನಿನ ಮಕ್ಕಳಿಗೆ ಕೊಟ್ಟು ಉಳಿದ ಜಾಗದಲ್ಲಿ ಮೊದಲು ಅಲ್ಲೇ ಓದುತ್ತಿರುವವರ ತಮ್ಮ ತಂಗಿಯರು, ಆಮೇಲೆ ಮನೆ ಹತ್ತಿರ ಇರುವವರು. ಇವರು ಕೂತು ಲೆಕ್ಕ ಹಾಕಿದರು: ಅವಳು ಹನ್ನೆರಡರಲ್ಲಿ ಇರುವ ವರ್ಷವೇ ಮಗ ಏಳಕ್ಕೆ ಬರುತ್ತಾನೆ. ಇಬ್ಬರೂ ಒಂದೇ ಶಾಲೆಯಲ್ಲಿ ಒಟ್ಟಿಗೆ ಇರುವುದು ಆ ಒಂದೇ ವರ್ಷ, ಆದರೂ ಅಷ್ಟಕ್ಕೇ ಅವನಿಗೆ ಅಕ್ಕನ ಆದ್ಯತೆ ಸಿಗುತ್ತದೆ. ಆ ಹೊತ್ತಿಗೆ ನಿಯಮ ಹೀಗೇ ಇದ್ದರೆ.

ಈ ನಡುವೆ ಶಾಲೆಯಲ್ಲಿ ಕ್ಲಾರಿನೆಟ್ ಕಲಿಯಲು ಶುರು ಮಾಡಿದ ಮಗಳು, ಸಂಗೀತಕ್ಕೆ ಹೆಸರಾದ ಬ್ಲಾಕ್‌ಬರ್ನ್ ಹೈಸ್ಕೂಲೇ ಬೇಕು ಅಂತ ಕೂತಿದ್ದಾಳೆ. ನಮ್ಮ ಝೋನ್ ಅದಲ್ಲ. "ಅಲ್ಲಿ ಒಂದು ಮನೆ ಮಾಡಿದ್ರೆ ಆಗಲ್ವಾ ಅಮ್ಮಾ?" ಅಂದಳು. ಅರ್ಜಿ ಮೊದಲು ಕೊಡೋಣ, ಆಮೇಲೆ ನೋಡೋಣ ಅಂದಿದ್ದೇನೆ. ಇವರು ಮಾತ್ರ ಆಗಲೇ ಆ ಕಡೆಯ ಬಾಡಿಗೆ ಎಷ್ಟಿದೆ ಅಂತ ನೋಡಿಟ್ಟಿದ್ದಾರೆ. ವಾರಕ್ಕೆ ನಮ್ಮದಕ್ಕಿಂತ ಐವತ್ತು ಡಾಲರ್ ಜಾಸ್ತಿಯಂತೆ.